ಹಂಚಿನ ಮೇಲೆ ಹಸಿರು ಅಕ್ಷರ: ಶಾಲಾ ಕೈತೋಟದಲ್ಲಿ ಜೀವಂತ ಹಾವಸೆ ಚಿತ್ರ ಮಾಡುವ ವಿಧಾನ

ಮುಂಗಾರು ಹಿಡಿದು ಶಾಲೆಗಳು ಪುನರಾರಂಭವಾಗುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಶಿಕ್ಷಕರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಗೋಡೆಯ ಮೇಲೆ ಹಸಿರು ಹಾವಸೆಯಿಂದ ಅಕ್ಷರ ಬರೆದ, ಹಕ್ಕಿಯ ಚಿತ್ರ ಮೂಡಿಸಿದ ವಿಡಿಯೋಗಳನ್ನು ಅವರು ನೋಡಿರುತ್ತಾರೆ. ಅದನ್ನೇ ತಮ್ಮ ಶಾಲೆಯ ಕೈತೋಟದಲ್ಲಿ ಮಕ್ಕಳಿಂದ ಮಾಡಿಸಬಹುದೇ, ಹಾವಸೆಗೆ ಎಷ್ಟು ಮಜ್ಜಿಗೆ ಬೆರೆಸಿ ಬಳಿಯಬೇಕು ಎಂದು ಕೇಳುತ್ತಾರೆ. ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಇಡೀ ಕೆಲಸವನ್ನು ಒಂದೇ ಕಡೆ ಬರೆದಿಡುವುದು ಒಳಿತೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ಉತ್ತರದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಖಂಡಿತವಾಗಿಯೂ ಮಾಡಬಹುದು; ಆದರೆ ಗೋಡೆಯ ಮೇಲೆ ಬೇಡ, ಮಜ್ಜಿಗೆಯಿಂದಲೂ ಬೇಡ. ನಮ್ಮ ಮೂರು ಜಿಲ್ಲೆಗಳ ಹವೆಗೆ ಹೊಂದುವುದು ಹಳೆಯ ಮಣ್ಣಿನ ಹಂಚುಗಳ ಮೇಲೆ, ನಿಮ್ಮ ಶಾಲೆಯ ಆವರಣದಲ್ಲಿಯೇ ಬೆಳೆದಿರುವ ಹಾವಸೆಯಿಂದ, ಒಂದು ಹಂಚಿಗೆ ಒಂದು ಅಕ್ಷರದಂತೆ ಮಾಡುವ ಚಿತ್ರ. ಗೋಡೆಯನ್ನು ಬೇಸಿಗೆಯಲ್ಲಿ ನೆರಳಿಗೆ ಎತ್ತಿಡಲು ಬರುವುದಿಲ್ಲ, ಹಂಚನ್ನು ಎತ್ತಿಡಬಹುದು. ಒಂದು ಅಕ್ಷರ ಕೆಟ್ಟರೆ ಆ ಒಂದು ಹಂಚನ್ನಷ್ಟೇ ಬದಲಿಸಬಹುದು.

ಹಾವಸೆಯ ಸ್ವಭಾವ

ಹಾವಸೆಯು ಹೂವಿಲ್ಲದ, ಬೀಜವಿಲ್ಲದ ಪುಟ್ಟ ಸಸ್ಯ. ಇದಕ್ಕೆ ನಿಜವಾದ ಬೇರುಗಳಿಲ್ಲ. ಬುಡದಲ್ಲಿರುವ ನೂಲಿನಂತಹ ಎಳೆಗಳು, ಅಂದರೆ ಪಠ್ಯಪುಸ್ತಕಗಳಲ್ಲಿ ರೈಜಾಯ್ಡ್ ಎಂದು ಬರುವ ಭಾಗವು, ಮುಖ್ಯವಾಗಿ ಸಸ್ಯವನ್ನು ಕಲ್ಲಿಗೋ ಮಣ್ಣಿಗೋ ಕಚ್ಚಿ ಹಿಡಿಯುವುದಕ್ಕೆ ಇರುತ್ತದೆ. ನೀರನ್ನೂ ಲವಣಗಳನ್ನೂ ಹಾವಸೆಯು ತನ್ನ ಎಲೆಗಳಿಂದಲೇ ನೇರವಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಇದಕ್ಕೆ ಗೊಬ್ಬರದ ಅಗತ್ಯವಿಲ್ಲ, ಆದರೆ ನೀವು ಸಿಂಪಡಿಸುವ ನೀರು ಕೆಟ್ಟದಾಗಿದ್ದರೆ ಅದರ ಪರಿಣಾಮ ತಕ್ಷಣವೇ ಎಲೆಯ ಮೇಲೆ ಆಗುತ್ತದೆ.

ಇದರ ಇನ್ನೊಂದು ಗುಣವು ನಮ್ಮ ಸೀಮೆಯವರಿಗೆ ಬಹಳ ಮುಖ್ಯವಾದುದು. ಗಾಳಿ ಒಣಗಿದಂತೆ ಹಾವಸೆಯೂ ಒಣಗುತ್ತದೆ, ಆದರೆ ಗೋಡೆ ಮತ್ತು ಹಂಚುಗಳ ಮೇಲೆ ಬೆಳೆಯುವ ಜಾತಿಗಳು ಒಣಗಿದ ಮಾತ್ರಕ್ಕೆ ಸಾಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಚೂರುಚೂರಾಗುವಂತಿರುವ ಒಂದು ತುಣುಕನ್ನು ಬಟ್ಟಲಿನಲ್ಲಿಟ್ಟು, ಮೇಲೆ ನಾಲ್ಕು ಹನಿ ನೀರು ಬಿಟ್ಟು, ಭೂತಗನ್ನಡಿಯಲ್ಲಿ ನೋಡಿರಿ. ಒಳಮುಖವಾಗಿ ಸುರುಳಿ ಸುತ್ತಿಕೊಂಡಿದ್ದ ಎಲೆಗಳು ಒಂದೊಂದಾಗಿ ಅಲುಗಾಡಿ ಬಿಚ್ಚಿಕೊಳ್ಳುತ್ತವೆ, ತುದಿಗಳು ಹೊರಕ್ಕೆ ಬಾಗುತ್ತವೆ, ಕೆಲವೇ ನಿಮಿಷಗಳಲ್ಲಿ ಕಂದು ಹೋಗಿ ಹಸಿರು ಕಾಣಿಸುತ್ತದೆ. ಈ ಪ್ರಯೋಗವನ್ನು ಚಿತ್ರ ಆರಂಭಿಸುವ ಮೊದಲೇ ಮಕ್ಕಳಿಗೆ ತೋರಿಸಿದರೆ, ಮುಂದೆ ಬೇಸಿಗೆಯಲ್ಲಿ ಅಕ್ಷರಗಳು ಕಂದಾದಾಗ ಅವರು ಎದೆಗುಂದುವುದಿಲ್ಲ.

ಗುರುತಿಸುವಾಗ ಎರಡು ತಪ್ಪುಗಳು ಆಗುತ್ತವೆ. ನೀರಿನ ತೊಟ್ಟಿಯ ಬುಡದಲ್ಲಿ ಕಾಲು ಜಾರಿಸುವ ನುಣುಪಾದ ಹಸಿರು ಪದರವು ಹಾವಸೆಯಲ್ಲ, ಅದು ಪಾಚಿ, ಅಂದರೆ ಶೈವಲ. ಹಾವಸೆಯನ್ನು ಮುಟ್ಟಿದರೆ ಮಖಮಲ್ಲಿನ ಹಾಗೆ ಮೆತ್ತಗಿರುತ್ತದೆ, ಹತ್ತಿರದಿಂದ ನೋಡಿದರೆ ಬಿಡಿ ಬಿಡಿ ಎಲೆಗಳು ಕಾಣುತ್ತವೆ. ಇನ್ನು ಬಂಡೆ ಮತ್ತು ಮರದ ತೊಗಟೆಯ ಮೇಲೆ ಬೂದುಬಣ್ಣದಲ್ಲಿ ಹರಡಿರುವುದು ಕಲ್ಲುಹೂವಿನ ಜಾತಿಯದು. ಮಸಾಲೆಗೆ ಹಾಕುವ ಕಲ್ಲುಹೂವು ಇದೇ ವರ್ಗಕ್ಕೆ ಸೇರಿದ್ದು. ಅದು ಹಂಚಿನ ಮೇಲೆ ನಾಟಿದರೆ ಹತ್ತುವುದಿಲ್ಲ, ಆದ್ದರಿಂದ ಅದನ್ನು ಕೀಳಬೇಡಿರಿ.

ಬೇಕಾಗುವ ಸಾಮಾನು

ಮಾಡಿನಿಂದ ಇಳಿಸಿದ ಹಳೆಯ ಮಣ್ಣಿನ ಹಂಚುಗಳು, ಅಕ್ಷರಕ್ಕೊಂದರಂತೆ ಮತ್ತು ಮುಂದೆ ಕೆಟ್ಟ ಜಾಗ ತುಂಬಲು ಹಾವಸೆ ಬೆಳೆಸಿಡುವುದಕ್ಕೆ ಎರಡು ಹೆಚ್ಚಿಗೆ, ಜರಡಿ ಹಿಡಿದ ಮಸಾರಿ ಮಣ್ಣು, ಅಂದರೆ ಕೆಂಪುಮಣ್ಣು, ಮತ್ತು ಸಣ್ಣ ಉಸುಕು, ಹಳೆಯ ಎಕ್ಸ್‌ರೇ ಹಾಳೆ ಅಥವಾ ದಪ್ಪ ರಟ್ಟು, ತೆಳ್ಳಗಿನ ಪಟ್ಟಿಯ ಗಿಲಾವು ಕರಣೆ ಅಥವಾ ಮೊಂಡಾದ ಚಾಕು, ಸಣ್ಣ ಹನಿ ಬೀಳುವ ಸ್ಪ್ರೇ ಬಾಟಲಿ, ಉಳ್ಳಾಗಡ್ಡಿ ತುಂಬುವ ಬಲೆಯ ಚೀಲಗಳು, ಗೋಣಿತಟ್ಟು, ಹಳೆಯ ಪತ್ರಿಕೆಗಳು, ಮೆತ್ತನೆಯ ಬ್ರಷ್, ಮತ್ತು ಮುಚ್ಚಳವಿರುವ ಒಂದು ಡ್ರಮ್ಮು ಮಳೆನೀರು. ಇವುಗಳಲ್ಲಿ ಕೊಂಡು ತರಬೇಕಾದದ್ದು ಹೆಚ್ಚಿನ ಶಾಲೆಗಳಿಗೆ ಸ್ಪ್ರೇ ಬಾಟಲಿಯೊಂದೇ.

ಹಂಚಿನ ಬಗ್ಗೆ ಒಂದು ಮಾತು. ಹೊಸ ಹಂಚಿಗಿಂತ ಮಳೆಗಾಳಿಗೆ ಮೈಯೊಡ್ಡಿ ಒರಟಾದ ಹಳೆಯ ಹಂಚು ಉತ್ತಮ. ಖಾನಾಪುರವು ಕುಂಬಾರಿಕೆಗೂ ಹಂಚಿಗೂ ಹೆಸರಾದ ಊರು. ಬೆಳಗಾವಿ ಕಡೆಯ ಹಳೆಯ ಶಾಲೆ, ಮನೆಗಳ ಮಾಡಿನ ದುರಸ್ತಿಯಾಗುವಾಗ ಒಡಕು ಹಂಚುಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಹಂಚು ಸಿಗದಿದ್ದರೆ ಬೆಳಗಾವಿಯ ಪಶ್ಚಿಮ ಭಾಗದಲ್ಲಿ ಜಂಬಿಟ್ಟಿಗೆಯ ಕಲ್ಲನ್ನು ಬಳಸಬಹುದು, ಏಕೆಂದರೆ ಅದರ ರಂಧ್ರಗಳಲ್ಲಿ ನೀರು ನಿಲ್ಲುತ್ತದೆ. ನಯವಾಗಿ ಪಾಲಿಶ್ ಮಾಡಿದ ಗ್ರಾನೈಟ್ ತುಂಡು, ಟೈಲ್ಸ್, ತಗಡು, ಪ್ಲಾಸ್ಟಿಕ್ ಇವು ಯಾವುವೂ ಬೇಡ. ನೀರನ್ನು ಹಿಡಿದಿಡದ ಮೈಯ ಮೇಲೆ ಹಾವಸೆ ಕಚ್ಚಿಕೊಳ್ಳುವುದಿಲ್ಲ.

1. ಚಿತ್ರಕ್ಕಿಂತ ಮೊದಲು ಜಾಗವನ್ನು ಆರಿಸಿರಿ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಎಲ್ಲರಿಗೂ ಕಾಣಲೆಂದು ಶಾಲೆಯ ಮುಂಬಾಗಿಲಿನ ಪಕ್ಕದಲ್ಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕಡೆ ಚಿತ್ರವನ್ನು ಇಡಲಾಗುತ್ತದೆ, ಹದಿನೈದು ದಿನಗಳಲ್ಲಿ ಅದು ಒಣಗಿ ಸಿಪ್ಪೆಯಾಗಿ ಎದ್ದುಬರುತ್ತದೆ. ಮಳೆ ನಿಂತ ಮರುದಿನ ಮಕ್ಕಳೊಂದಿಗೆ ಆವರಣವನ್ನು ಒಂದು ಸುತ್ತು ಬಂದು, ಎಲ್ಲಿ ಹಾವಸೆ ತಾನಾಗಿಯೇ ಬೆಳೆದಿದೆ ಎಂಬುದನ್ನು ನೋಡಿರಿ. ಸಾಮಾನ್ಯವಾಗಿ ಅದು ಕಟ್ಟಡದ ಉತ್ತರ ದಿಕ್ಕಿನಲ್ಲಿ, ಕಂಪೌಂಡ್ ಗೋಡೆಯ ಬುಡದಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಅಥವಾ ಬೇವು, ಹೊಂಗೆ ಮರಗಳ ಕೆಳಗಿನ ಕಟ್ಟೆಯ ಮೇಲೆ ಇರುತ್ತದೆ. ಆ ಜಾಗದ ನೆರೆಯಲ್ಲಿಯೇ ನಿಮ್ಮ ಹಂಚುಗಳು ಇರಬೇಕು.

ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ತೊಂದರೆಯಿಲ್ಲ. ಹನ್ನೊಂದು ಗಂಟೆಯ ನಂತರದ ಬಿಸಿಲು ಬೀಳುವಂತಿದ್ದರೆ ಮೇಲೆ ಹಸಿರು ಶೇಡ್‌ನೆಟ್ ಕಟ್ಟಬೇಕು. ವಿಜಯಪುರ ಮತ್ತು ಬಾಗಲಕೋಟೆಯ ಒಣಗಾಳಿಯಲ್ಲಿ ನೆರಳಷ್ಟೇ ಸಾಲದು, ಗಾಳಿಗೆ ಮರೆಯೂ ಬೇಕಾಗುತ್ತದೆ. ಮೂರು ಕಡೆ ಗೋಡೆಯಿರುವ ಮೂಲೆ ಅಥವಾ ಒತ್ತಾಗಿ ಬೆಳೆದ ಗಿಡಗಳ ಸಾಲಿನ ಹಿಂಬದಿ ಸಿಕ್ಕರೆ ಅದನ್ನೇ ಆರಿಸಿರಿ.

ಮಕ್ಕಳು ಓಡಾಡುವ ದಾರಿ, ಬಿಸಿಯೂಟದ ನಂತರ ಕೈತೊಳೆಯುವ ಜಾಗದ ನೆಲ, ಮೆಟ್ಟಿಲು ಇವುಗಳ ಸಮೀಪ ಹಂಚುಗಳನ್ನು ಇಡಬೇಡಿರಿ, ಸುತ್ತಲಿನ ನೆಲ ಸದಾ ತೇವವಾಗಿ ಯಾರಾದರೂ ಜಾರಿ ಬೀಳುವ ಅಪಾಯವಿದೆ. ತರಗತಿಯ ಗೋಡೆಗೆ ಒರಗಿಸುವುದೂ ಸರಿಯಲ್ಲ, ಏಕೆಂದರೆ ತೇವವು ಗಿಲಾವಿನೊಳಗೆ ಇಳಿದು ಗೋಡೆಯನ್ನು ಹಾಳುಮಾಡುತ್ತದೆ. ಇಟ್ಟಿಗೆಗಳ ಮೇಲೆ ಹಲಗೆ ಅಥವಾ ಫರಸಿ ಕಲ್ಲು ಹಾಕಿ, ಮೊಣಕಾಲೆತ್ತರದ ಕಟ್ಟೆ ಮಾಡಿಕೊಂಡರೆ ಮಕ್ಕಳಿಗೆ ಬಗ್ಗಿ ನೋಡಲೂ ಅನುಕೂಲ. ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿಯವರ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರ, ಒಪ್ಪಿಗೆಯನ್ನು ಈ ಹಂತದಲ್ಲಿಯೇ ಪಡೆಯಿರಿ, ಹಂಚು ಜೋಡಿಸಿದ ಮೇಲೆ ಜಾಗ ಬದಲಿಸುವ ಪ್ರಸಂಗ ಬರಬಾರದು.

2. ಕಾಲವನ್ನು ನೋಡಿ ಕೈಹಾಕಿರಿ

ಬೆಳಗಾವಿ ನಗರ, ಖಾನಾಪುರದ ಕಡೆಗಳಲ್ಲಿ ಮಳೆ ಜೂನ್ ತಿಂಗಳಲ್ಲಿಯೇ ಹಿಡಿಯುವುದರಿಂದ ಜೂನ್ ಕೊನೆಯ ವಾರದಿಂದ ಜುಲೈ ಕೊನೆಯವರೆಗೆ ನಾಟಿ ಮಾಡುವುದು ಒಳ್ಳೆಯದು. ಬಾಗಲಕೋಟೆ ಮತ್ತು ವಿಜಯಪುರಗಳಲ್ಲಿ ಮಳೆಯ ಹೆಚ್ಚಿನ ಭಾಗವು ಸೆಪ್ಟೆಂಬರ್ ಸುಮಾರಿಗೆ ಬೀಳುತ್ತದೆ, ಜುಲೈನಲ್ಲಿ ಗಾಳಿಯೇ ಜಾಸ್ತಿ. ಆದ್ದರಿಂದ ಅಲ್ಲಿಯವರು ಆಗಸ್ಟ್ ಮಧ್ಯಭಾಗದವರೆಗೆ ಕಾಯಬೇಕು. ಜನವರಿಯ ನಂತರ ಹೊಸದಾಗಿ ಆರಂಭಿಸುವುದನ್ನು ಮೂರೂ ಜಿಲ್ಲೆಗಳವರು ಬಿಟ್ಟುಬಿಡಬೇಕು. ಗಣರಾಜ್ಯೋತ್ಸವಕ್ಕೆ ಚಿತ್ರ ಸಿದ್ಧವಾಗಬೇಕೆಂದು ಡಿಸೆಂಬರಿನಲ್ಲಿ ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

3. ಪದವನ್ನು ಆರಿಸಿ ಅಚ್ಚು ಕತ್ತರಿಸಿರಿ

ಹಾವಸೆಯು ಗೆರೆಯ ಅಂಚನ್ನು ಬಹಳ ನಿಖರವಾಗಿ ಕಾಯ್ದುಕೊಳ್ಳುವ ಸಸ್ಯವಲ್ಲ. ಅದು ನಿಧಾನವಾಗಿ ಅಕ್ಕಪಕ್ಕಕ್ಕೆ ಹರಡುತ್ತದೆ. ಆದ್ದರಿಂದ ಅಕ್ಷರದ ಗೆರೆಯು ಕನಿಷ್ಠ 2 ಅಂಗುಲ ದಪ್ಪವಿರಬೇಕು, ಒಳಗಿನ ಖಾಲಿ ಜಾಗಗಳನ್ನೂ ಆದಷ್ಟು ಅಗಲವಾಗಿ ಬಿಡಬೇಕು. ಇಕ್ಕಟ್ಟಾದ ಸುಳಿಗಳು ಒಂದು ಮಳೆಗಾಲದೊಳಗೆ ಮುಚ್ಚಿಹೋಗುತ್ತವೆ. ಒತ್ತಕ್ಷರವಿರುವ ಪದಗಳನ್ನು ಮೊದಲ ವರ್ಷ ಆರಿಸಬೇಡಿರಿ. ಅನುಕೂಲವೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಹೆಸರುಗಳಲ್ಲಿ ಒತ್ತಕ್ಷರವಿಲ್ಲ. ಮೊದಲನೆಯದಕ್ಕೆ ನಾಲ್ಕು ಹಂಚು, ಉಳಿದೆರಡಕ್ಕೆ ಐದೈದು ಹಂಚು ಸಾಕು. ಅಕ್ಷರದ ಬದಲು ಚಿತ್ರವೇ ಬೇಕೆಂದಾದರೆ ಮಾವಿನಕಾಯಿ, ಮೀನು, ಗೋಳಗುಮ್ಮಟದ ಹೊರರೇಖೆ ಮುಂತಾದ ಒಡೆಯದ ಆಕಾರಗಳನ್ನು ತೆಗೆದುಕೊಳ್ಳಿರಿ.

ಅಕ್ಷರವನ್ನು ಹಂಚಿನ ಅಳತೆಗೆ ಕಾಗದದ ಮೇಲೆ ಬರೆದು, ಎಕ್ಸ್‌ರೇ ಹಾಳೆಯ ಮೇಲಿಟ್ಟು ಕತ್ತರಿಸಿದರೆ ನೀರಿಗೆ ಹಾಳಾಗದ ಅಚ್ಚು ಸಿದ್ಧವಾಗುತ್ತದೆ. ಕತ್ತರಿಸುವ ಕೆಲಸವನ್ನು ದೊಡ್ಡವರು ಮಾಡಬೇಕು.

4. ಹಾವಸೆಯನ್ನು ಎಲ್ಲಿಂದ ತರಬೇಕು, ಎಲ್ಲಿಂದ ತರಬಾರದು

ಈ ಹಂತದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ನಿಮ್ಮ ಆವರಣದಲ್ಲಿ ಬೆಳೆದದ್ದನ್ನೇ ಬಳಸಿರಿ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಯ ಕಡೆ ಮರದ ಬೊಡ್ಡೆಗಳ ಮೇಲೆ ದಟ್ಟವಾಗಿ ಬೆಳೆಯುವ ಹಾವಸೆಯನ್ನು ನೋಡಿ, ಅದನ್ನು ತಂದು ನೆಟ್ಟರೆ ಚಿತ್ರ ಚೆನ್ನಾಗಿ ಬರುತ್ತದೆಂದು ಅನೇಕರು ಭಾವಿಸುತ್ತಾರೆ. ಆ ಹಾವಸೆಯು ಘಟ್ಟದ ಮಳೆಗೂ ಮಂಜಿಗೂ ಒಗ್ಗಿಕೊಂಡು ಬೆಳೆದದ್ದು. ಅಲ್ಲಿ ಬೀಳುವ ಮಳೆಯು ವಿಜಯಪುರದ ಮಳೆಯ ಹಲವು ಪಟ್ಟು. ಬಯಲಿಗೆ ತಂದರೆ ಅದು ಮೊದಲ ಬೇಸಿಗೆಯನ್ನೂ ದಾಟುವುದಿಲ್ಲ. ಇದಕ್ಕೆ ಪ್ರತಿಯಾಗಿ ನಿಮ್ಮ ಶಾಲೆಯ ಸುಣ್ಣದ ಗೋಡೆ, ಸಿಮೆಂಟ್ ಕಟ್ಟೆಯ ಮೇಲಿನ ಕುಳ್ಳಗಿನ ಹಾವಸೆಯು ಅದೇ ಬಿಸಿಲು, ಅದೇ ಒಣಗಾಳಿಯನ್ನು ಎಷ್ಟೋ ವರ್ಷ ತಾಳಿಕೊಂಡು ಬಂದದ್ದಾಗಿರುತ್ತದೆ. ಇಂತಹ ಗೋಡೆಗಳ ಮೇಲೆ ಸಾಮಾನ್ಯವಾಗಿ ಸಿಗುವುದು ಹಯೋಫಿಲಾ ಎಂಬ ಕುಲದ ಹಾವಸೆ, ಒಣಗಿದಾಗ ಎಲೆಯನ್ನು ಒಳಕ್ಕೆ ಸುತ್ತಿಕೊಳ್ಳುವುದು ಇದರ ಗುರುತು. ಫರಸಿಗಳ ಸಂದಿನಲ್ಲಿ ಬೆಳ್ಳಿಯ ಹೊಳಪಿನ ಬೂದುಹಸಿರು ದಿಂಬಿನಂತೆ ಬೆಳೆಯುವುದು ಬ್ರಯಮ್ ಕುಲದ್ದು. ಎರಡು ಬಣ್ಣದ ಅಕ್ಷರ ಮಾಡಬಯಸುವವರಿಗೆ ಇದು ಉಪಯುಕ್ತ.

ಕಾಡಿನಿಂದ ತರಬಾರದೆನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. ಭೀಮಗಡವು ವನ್ಯಜೀವಿಧಾಮ, ಅಲ್ಲಿಂದ ಯಾವ ಸಸ್ಯವನ್ನೂ ಕಿತ್ತು ತರುವಂತಿಲ್ಲ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರದ ಆದಿಲ್‌ಶಾಹಿ ಕಟ್ಟಡಗಳು ಸಂರಕ್ಷಿತ ಸ್ಮಾರಕಗಳು. ಅವುಗಳ ಗೋಡೆಗೆ ಕರಣೆ ಮುಟ್ಟಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧವಾಗುತ್ತದೆ. ಶಾಲಾ ಪ್ರವಾಸಕ್ಕೆ ಹೋದಾಗ ಮಕ್ಕಳು ಉತ್ಸಾಹದಿಂದ ಕೆರೆಯಲು ಹೊರಡಬಹುದು, ಮೊದಲೇ ತಿಳಿಹೇಳಿರಿ. ಶಾಲೆಯಲ್ಲಿ ಸಾಕಷ್ಟು ಸಿಗದಿದ್ದರೆ ಅನುಮತಿ ಪಡೆದು ಮಕ್ಕಳ ಮನೆಯ ಹಿತ್ತಲು, ಬಾವಿಕಟ್ಟೆ ಅಥವಾ ದುರಸ್ತಿಗಾಗಿ ಇಳಿಸುತ್ತಿರುವ ಹಂಚುಗಳಿಂದ ತರಬಹುದು.

ಮಳೆ ಬಂದು ಹೋದ ಮೇಲೆ, ಹಾವಸೆ ತೇವವಾಗಿರುವಾಗ ತೆಗೆಯಬೇಕು. ಕರಣೆಯ ಪಟ್ಟಿಯನ್ನು ಗೋಡೆಗೆ ಸಮವಾಗಿ ಮಲಗಿಸಿ ಅಡಿಯಿಂದ ನಿಧಾನವಾಗಿ ತಳ್ಳಿದರೆ ಅಂಗೈಯಗಲದ ತುಣುಕು ಅಖಂಡವಾಗಿ ಬಿಡಿಸಿಬರುತ್ತದೆ. ಒಂದೇ ಕಡೆ ಬೋಳು ಮಾಡದೆ, ಇರುವುದರಲ್ಲಿ ಮೂರನೆಯ ಒಂದು ಭಾಗದಷ್ಟನ್ನೇ ಅಲ್ಲಲ್ಲಿ ತೆಗೆಯಿರಿ, ಉಳಿದದ್ದು ಮತ್ತೆ ಹರಡಿಕೊಳ್ಳುತ್ತದೆ. ಒಂದು ಅಕ್ಷರಕ್ಕೆ ಐದಾರು ಅಂಗೈಯಗಲದ ತುಣುಕುಗಳು ಬೇಕಾಗುತ್ತವೆ. ಅವುಗಳನ್ನು ಒದ್ದೆ ಪತ್ರಿಕೆಯ ಮಡಿಕೆಗಳ ನಡುವೆ ಇಡಬೇಕು; ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿನಲ್ಲಿ ಬಿಟ್ಟರೆ ಅರ್ಧ ದಿನದಲ್ಲಿ ಬೆಂದುಹೋಗುತ್ತವೆ. ಕಲ್ಲಿನ ಸಂದು, ಹಂಚಿನ ಅಡಿಗಳಲ್ಲಿ ಚೇಳು ಇರುವ ಸಾಧ್ಯತೆ ನಮ್ಮ ಕಡೆ ಯಾವಾಗಲೂ ಇರುವುದರಿಂದ ಕಲ್ಲು ಎತ್ತುವ ಕೆಲಸವನ್ನು ಮಕ್ಕಳಿಗೆ ಬಿಡಬೇಡಿರಿ.

5. ಹಂಚನ್ನೂ ಮಣ್ಣನ್ನೂ ಹದಮಾಡಿರಿ

ಹಂಚುಗಳನ್ನು ತೆಂಗಿನ ನಾರಿನಿಂದ ಉಜ್ಜಿ, ಸೋಪು ಬಳಸದೆ ತೊಳೆದು, ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿರಿ. ಒಣಹಂಚಿನ ಮೇಲೆ ನೇರವಾಗಿ ಮಣ್ಣು ಬಳಿದರೆ ಹಂಚು ಮಣ್ಣಿನ ನೀರನ್ನೆಲ್ಲ ಹೀರಿಕೊಂಡು ಪದರ ಬಿಟ್ಟುಕೊಳ್ಳುತ್ತದೆ.

ಎರಡು ಪಾಲು ಮಸಾರಿ ಮಣ್ಣಿಗೆ ಒಂದು ಪಾಲು ಸಣ್ಣ ಉಸುಕನ್ನು ಬೆರೆಸಿ, ಮಳೆನೀರು ಹಾಕಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗುವಂತೆ ಕಲಸಿರಿ. ಎರೆಮಣ್ಣನ್ನು ಮಾತ್ರ ಬಳಸಲೇಬಾರದು. ಎರೆಯು ತೇವದಲ್ಲಿ ಉಬ್ಬಿ, ಒಣಗಿದಾಗ ಬಿರಿಯುವ ಮಣ್ಣು. ಅದರ ಮೇಲೆ ನೆಟ್ಟ ಅಕ್ಷರವು ಮಳೆ ಎರಡು ವಾರ ಕೈಕೊಟ್ಟ ಕೂಡಲೇ ಬಿರುಕಿನೊಂದಿಗೆ ತುಂಡಾಗುತ್ತದೆ. ನಿಮ್ಮ ಊರಿನಲ್ಲಿ ಎರೆಭೂಮಿ ಬಿಟ್ಟು ಬೇರೆ ಇಲ್ಲವೆಂದಾದರೆ ಹಳೆಯ ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿದು, ಆ ಪುಡಿಗೆ ಸ್ವಲ್ಪ ಕೆಂಪುಮಣ್ಣು ಸೇರಿಸಿ ಬಳಸಿರಿ. ಸೆಗಣಿ, ಎರೆಹುಳು ಗೊಬ್ಬರ, ಯೂರಿಯಾ ಯಾವುದನ್ನೂ ಸೇರಿಸಬೇಡಿರಿ. ಪೌಷ್ಟಿಕವಾದ ಮಣ್ಣಿನಲ್ಲಿ ಹಾವಸೆಗಿಂತ ಮೊದಲು ಪಾಚಿ ಮತ್ತು ಬೂಸ್ಟು ಬೆಳೆದು ಜಾಗವನ್ನು ಆಕ್ರಮಿಸುತ್ತವೆ.

ಮಜ್ಜಿಗೆಯ ವಿಷಯವೂ ಇದೇ. ಹಾವಸೆಯನ್ನು ಮಜ್ಜಿಗೆ, ಸಕ್ಕರೆಯೊಂದಿಗೆ ಮಿಕ್ಸರಿನಲ್ಲಿ ರುಬ್ಬಿ ಕುಂಚದಿಂದ ಗೋಡೆಗೆ ಬಳಿಯುವ ವಿಧಾನವು ತುಂಬಾ ಪ್ರಚಾರ ಪಡೆದಿದೆ. ಅದು ಸದಾ ತಂಪಾಗಿ, ಮೋಡ ಮುಸುಕಿರುವ ಪ್ರದೇಶಗಳಲ್ಲಿಯೂ ನೆಚ್ಚಬಹುದಾದ ವಿಧಾನವಲ್ಲ. ನಮ್ಮ ಸೆಕೆಗೆ ಹಾಲಿನ ಅಂಶ ಮತ್ತು ಸಕ್ಕರೆಯ ಮೇಲೆ ಎರಡು ದಿನದಲ್ಲಿ ಬಿಳಿ ಬೂಸ್ಟು ಬರುತ್ತದೆ, ಇರುವೆಗಳು ಮುತ್ತುತ್ತವೆ, ವಾಸನೆಯೂ ಹುಟ್ಟುತ್ತದೆ. ನಾಟಿಗೆ ಬೇಕಾದದ್ದು ನೀರು, ನೆರಳು, ಮತ್ತು ಮಣ್ಣಿಗೆ ಒತ್ತಿ ಕೂತ ಹಾವಸೆ, ಇಷ್ಟೇ.

6. ಅಕ್ಷರವನ್ನು ನಾಟಿರಿ

ನೆನೆದ ಹಂಚಿನ ಮೇಲೆ ಕಲಸಿದ ಮಣ್ಣನ್ನು ಅರ್ಧ ಅಂಗುಲ ದಪ್ಪಕ್ಕೆ ಬಳಿದು ಸಮಮಾಡಿರಿ. ಹಂಚಿನ ಉಬ್ಬುತಗ್ಗುಗಳು ಮಣ್ಣನ್ನು ಹಿಡಿದುಕೊಳ್ಳಲು ಸಹಾಯ ಮಾಡುತ್ತವೆ. ಅಚ್ಚನ್ನು ಮೇಲಿಟ್ಟು ಕಡ್ಡಿಯಿಂದ ಅಕ್ಷರದ ಅಂಚನ್ನು ಗೀರಿರಿ. ಅಷ್ಟರಲ್ಲಿ ಮಕ್ಕಳ ಇನ್ನೊಂದು ಗುಂಪು ಹಾವಸೆಯ ತುಣುಕುಗಳನ್ನು ಮಳೆನೀರಿನಲ್ಲಿ ಅದ್ದಿ, ಹುಲ್ಲಿನ ಬೇರು, ಒಣ ಎಲೆ, ಶಂಖದಹುಳುಗಳನ್ನು ಆರಿಸಿ ತೆಗೆಯಲಿ. ತುಣುಕಿನ ಅಡಿಗೆ ಅಂಟಿರುವ ಸುಣ್ಣ ಮಣ್ಣಿನ ತೆಳುಪದರವನ್ನು ಪೂರ್ತಿ ಕೆರೆಯಬಾರದು, ರೈಜಾಯ್ಡ್‌ಗಳು ಇರುವುದು ಅದರಲ್ಲಿಯೇ.

ತುಣುಕುಗಳನ್ನು ಅಕ್ಷರದ ಗೆರೆಯೊಳಗೆ ಒಂದಕ್ಕೊಂದು ತಾಗುವಂತೆ ಜೋಡಿಸಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿರಿ. ಒತ್ತುವಿಕೆ ಕಡಿಮೆಯಾಗಿ ಅಡಿಯಲ್ಲಿ ಗಾಳಿ ಉಳಿದರೆ ಆ ತುಣುಕು ಮಣ್ಣನ್ನು ಹಿಡಿಯದೆ ಒಣಗುತ್ತದೆ. ಚಿತ್ರಗಳು ಕೆಡುವ ಕಾರಣಗಳಲ್ಲಿ ಇದು ಬಿಸಿಲಿನ ನಂತರದ್ದು. ಮೊದಲ ವಾರ ಪ್ರತಿದಿನ ಬೆಳಿಗ್ಗೆ ಹೀಗೆಯೇ ಮತ್ತೊಮ್ಮೆ ಒತ್ತಬೇಕು.

ಸಂದುಗಳಿಗೆ ಚೂರುಗಳನ್ನು ಬಳಸಿರಿ. ಹಾವಸೆಯ ಒಂದು ಚಿಕ್ಕ ಎಲೆಯ ತುಂಡಿನಿಂದಲೂ ಹೊಸ ಸಸ್ಯ ಹುಟ್ಟಬಲ್ಲದು. ಒಣಗಿದ ಹಾವಸೆಯನ್ನು ಬೆರಳುಗಳಿಂದ ಪುಡಿಮಾಡಿ, ಖಾಲಿ ಉಳಿದ ಜಾಗದ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಮೇಲಿನಿಂದ ತಟ್ಟಿದರೆ ಸಾಕು. ಹಾವಸೆ ಕಡಿಮೆ ಸಿಕ್ಕ ಶಾಲೆಗಳು ಇಡೀ ಅಕ್ಷರವನ್ನೇ ಹೀಗೆ ಮಾಡಬಹುದು, ಆದರೆ ಅದು ತುಂಬಿಕೊಳ್ಳಲು ಪೂರ್ತಿ ಮಳೆಗಾಲ ಬೇಕಾಗುತ್ತದೆ. ಚೂರು ಹಾಕಿದ ಕಡೆ ಕೆಲವು ವಾರಗಳ ನಂತರ ಹಸಿರು ನೂಲು ಹರಡಿದಂತಹ ತೆಳುಪದರ ಕಾಣಿಸಿಕೊಳ್ಳುತ್ತದೆ. ಇದನ್ನು ಪಾಚಿಯೆಂದು ತಿಳಿದು ಉಜ್ಜಿ ತೆಗೆದುಬಿಡುವವರಿದ್ದಾರೆ. ಅದು ಪ್ರೋಟೋನೆಮಾ, ಅಂದರೆ ಹಾವಸೆಯ ಶೈಶವದ ರೂಪ. ಭೂತಗನ್ನಡಿಯಲ್ಲಿ ನೋಡಿದರೆ ಕವಲೊಡೆದ ಎಳೆಗಳು, ಅವುಗಳ ನಡುನಡುವೆ ಸಾಸಿವೆಗಿಂತಲೂ ಚಿಕ್ಕ ಹಸಿರು ಮೊಗ್ಗುಗಳು ಕಾಣುತ್ತವೆ. ಎಲೆಯಿರುವ ಸಸ್ಯವಾಗುವುದು ಆ ಮೊಗ್ಗುಗಳೇ.

ಅಕ್ಷರದ ಹೊರಗಿನ ಮಣ್ಣಿನ ಮೇಲೆ ಇಟ್ಟಿಗೆಯ ಸಣ್ಣ ಹರಳನ್ನು ಹಾಸಿದರೆ ಕೆಂಪಿನ ಮೇಲೆ ಹಸಿರು ಎದ್ದು ಕಾಣುತ್ತದೆ, ಮಳೆಯ ಹೊಡೆತಕ್ಕೆ ಮಣ್ಣು ಸಿಡಿಯುವುದೂ ನಿಲ್ಲುತ್ತದೆ. ಕೊನೆಗೆ ಉಳ್ಳಾಗಡ್ಡಿ ಚೀಲದ ಬಲೆಯನ್ನು ಹಂಚಿನ ಮೇಲೆ ಬಿಗಿಯಾಗಿ ಎಳೆದು ಹಿಂಬದಿಗೆ ಕಟ್ಟಿರಿ. ಗೊರವಂಕ ಮತ್ತು ಕೋಳಿಗಳು ಹುಳು ಹುಡುಕುತ್ತ ಹೊಸ ನಾಟಿಯನ್ನು ಕೆದರುವುದನ್ನು ಇದು ತಡೆಯುತ್ತದೆ. ಎರಡು ತಿಂಗಳು ಹಂಚುಗಳು ಮಲಗಿಯೇ ಇರಬೇಕು. ಒಂದು ತುಣುಕನ್ನು ಬೆರಳಿನಿಂದ ಮೆಲ್ಲಗೆ ಎಳೆದಾಗ ಅದು ಮಣ್ಣಿನಿಂದ ಬಿಡದಿದ್ದರೆ ಬಲೆಯನ್ನು ಬಿಚ್ಚಿ, ಹಂಚನ್ನು ಒರಗಿಸಿ ಇಡಬಹುದು. ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಇಟ್ಟರೆ ನೀರು ಒಮ್ಮೆಲೇ ಇಳಿದುಹೋಗುವುದಿಲ್ಲ.

7. ನೀರು

ನಾಟಿಯಾದ ಮೊದಲ ಒಂದು ತಿಂಗಳು ಹಾವಸೆ ಒಣಗಲೇಬಾರದು. ಮಳೆಯಿಲ್ಲದ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮತ್ತು ಸಂಜೆ ಶಾಲೆ ಬಿಡುವಾಗ ಸ್ಪ್ರೇ ಬಾಟಲಿಯಿಂದ ಸಿಂಪಡಿಸಿರಿ. ನಳಕ್ಕೆ ಪೈಪು ಜೋಡಿಸಿ ಹಾಯಿಸಿದರೆ ಮಣ್ಣು ಕೊಚ್ಚಿಹೋಗುತ್ತದೆ.

ಯಾವ ನೀರು ಎಂಬುದು ಇನ್ನೂ ಮುಖ್ಯ. ಬಾಗಲಕೋಟೆ, ವಿಜಯಪುರಗಳ ಬಹುತೇಕ ಕೊಳವೆಬಾವಿಗಳ ನೀರು ಗಡಸು. ಅದನ್ನು ದಿನವೂ ಸಿಂಪಡಿಸಿದರೆ ಎಲೆಗಳ ತುದಿಯಲ್ಲಿ ಮೊದಲು ಬಿಳಿಯ ಪುಡಿ ಕೂರುತ್ತದೆ, ಆಮೇಲೆ ತುದಿಗಳು ಕಂದಾಗುತ್ತವೆ, ಕೊನೆಗೆ ಇಡೀ ಗೊಂಚಲು ಉಪ್ಪಿನ ಹೊದಿಕೆ ಹೊದ್ದು ಸಾಯುತ್ತದೆ. ಆದ್ದರಿಂದ ಮಾಡಿನಿಂದ ಇಳಿಯುವ ಮಳೆನೀರನ್ನು, ಮೊದಲ ಮಳೆಯ ಕೊಳೆನೀರು ಹರಿದುಹೋಗಲು ಬಿಟ್ಟು, ಡ್ರಮ್ಮಿನಲ್ಲಿ ಹಿಡಿದಿಡಿರಿ. ಅದು ಮುಗಿದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ನಡೆಯುತ್ತದೆ. ಹಂಚುಗಳಿಗೆ ಬೇಕಾಗುವುದು ದಿನಕ್ಕೆ ಒಂದೆರಡು ಲೀಟರ್ ಮಾತ್ರ. ಆದರೆ ಅದೇ ಘಟಕದಿಂದ ಹೊರಕ್ಕೆ ಹರಿಯುವ ತ್ಯಾಜ್ಯ ನೀರನ್ನು ಹಾಕಬೇಡಿರಿ, ಅದರಲ್ಲಿ ಉಪ್ಪಿನ ಅಂಶ ಮೂಲ ನೀರಿಗಿಂತ ಹೆಚ್ಚಿರುತ್ತದೆ. ಕ್ಲೋರಿನ್ ಹಾಕಿದ ನಳದ ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟು ಬಳಸಬಹುದು. ಡ್ರಮ್ಮಿಗೆ ಮುಚ್ಚಳ ಭದ್ರವಾಗಿರಬೇಕು, ಹಂಚಿನ ಕೆಳಗೆ ಎಲ್ಲಿಯೂ ನೀರು ನಿಲ್ಲಬಾರದು. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಕಟ್ಟೆಯ ಸುತ್ತ ನೋಡಿ ಬರುವುದನ್ನು ಇಕೋ ಕ್ಲಬ್‌ನ ಮಕ್ಕಳ ಪಾಳಿಗೆ ಸೇರಿಸಿರಿ.

8. ದಿನನಿತ್ಯದ ಆರೈಕೆ

ಉದುರಿದ ಎಲೆಗಳನ್ನು ಎರಡು ದಿನಕ್ಕೊಮ್ಮೆ ಮೆತ್ತನೆಯ ಬ್ರಷ್‌ನಿಂದ ಸರಿಸಬೇಕು. ಎಲೆಯ ಅಡಿಯಲ್ಲಿ ಸಿಕ್ಕ ಹಾವಸೆ ಬೆಳಕಿಲ್ಲದೆ ಹಳದಿಯಾಗುತ್ತದೆ. ಕಳೆಯನ್ನು ಎರಡೆಲೆ ಮೂಡಿದಾಗಲೇ ಚಿಮಟಿಗೆಯಿಂದ ಕೀಳಿರಿ, ದೊಡ್ಡದಾದ ಮೇಲೆ ಕಿತ್ತರೆ ಅದರ ಬೇರಿನೊಂದಿಗೆ ಹಾವಸೆಯ ತುಣುಕೂ ಎದ್ದುಬರುತ್ತದೆ.

ಶಾಲೆಯ ಸ್ವಚ್ಛತೆ ನೋಡಿಕೊಳ್ಳುವವರೊಂದಿಗೆ ಮೊದಲೇ ಮಾತನಾಡಿರಿ. ಟ್ಯಾಂಕಿನ ಸುತ್ತ ಬ್ಲೀಚಿಂಗ್ ಪೌಡರ್ ಎರಚುವುದು, ಫಿನೈಲ್ ಸುರಿಯುವುದು ವಾಡಿಕೆಯ ಕೆಲಸ. ಅದು ಹಂಚಿನ ಮೇಲೆ ಸಿಡಿದರೆ ಎರಡು ತಿಂಗಳ ಶ್ರಮ ಒಂದೇ ದಿನದಲ್ಲಿ ಬಿಳಿಚಿಹೋಗುತ್ತದೆ. ಹಂಚುಗಳ ಪಕ್ಕದಲ್ಲಿ ಒಂದು ಫಲಕ ಹಾಕಿ, ಇದು ಮಕ್ಕಳು ಬೆಳೆಸಿದ ಹಾವಸೆ, ದಯವಿಟ್ಟು ತೊಳೆಯಬೇಡಿ ಎಂದು ಬರೆಯಿಸುವುದು ಉಪಯೋಗಕ್ಕೆ ಬರುತ್ತದೆ. ಊರ ಹಬ್ಬಕ್ಕೆಂದು ಆವರಣವನ್ನು ಶುಚಿಮಾಡಲು ಬಂದವರು ಹಸಿರೆಲ್ಲವೂ ಕೊಳೆಯೆಂದು ತಿಳಿದು ಉಜ್ಜಿ ತೆಗೆಯುವುದು ಸಹಜ.

ಮಳೆಗಾಲದ ಕೊನೆಗೆ ಹಾವಸೆಯ ಮೇಲೆ ದಾರದಂತಹ ದಂಟುಗಳು, ಅವುಗಳ ತುದಿಯಲ್ಲಿ ಪುಟ್ಟ ಕೋಶಗಳು ಎದ್ದರೆ ಅವನ್ನು ಕತ್ತರಿಸಬೇಡಿರಿ. ಬೀಜಕ, ಅಂದರೆ ಬೀಜದ ಬದಲು ಹಾವಸೆಯನ್ನು ಹರಡುವ ಧೂಳಿನಂತಹ ಕಣಗಳು, ಇರುವುದು ಆ ಕೋಶಗಳಲ್ಲಿ. ವಿಜ್ಞಾನ ಶಿಕ್ಷಕರು ಹಾವಸೆ ಸಸ್ಯಗಳ ಪಾಠವನ್ನು ಈ ವಾರಕ್ಕೆ ಹೊಂದಿಸಿಕೊಂಡು ತರಗತಿಯನ್ನು ಕಟ್ಟೆಯ ಬಳಿಗೆ ಕರೆತಂದರೆ, ಪುಸ್ತಕದ ಚಿತ್ರದಲ್ಲಿರುವ ಪ್ರತಿಯೊಂದು ಭಾಗವನ್ನೂ ಮಕ್ಕಳು ಕಣ್ಣಾರೆ ಗುರುತಿಸಬಹುದು.

9. ರಜೆ ಮತ್ತು ಬೇಸಿಗೆ

ದಸರೆಯ ರಜೆಗೆ ಶಾಲೆಯ ಸಮೀಪವಿರುವ ಇಬ್ಬರು ಮಕ್ಕಳಿಗೆ ನೀರಿನ ಹೊಣೆ ವಹಿಸಿದರೆ ಸಾಕಾಗುತ್ತದೆ. ಬೇಸಿಗೆಯದು ಬೇರೆ ಲೆಕ್ಕ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣತೆಯು 40 ಡಿಗ್ರಿಯನ್ನು ದಾಟುವಾಗ ಹಾವಸೆಯನ್ನು ಹಸಿರಾಗಿಯೇ ಇಟ್ಟುಕೊಳ್ಳಲು ಹೆಣಗಬೇಡಿರಿ. ಒಣಗಿದ ಹಾವಸೆಗೆ ನೀರು ಬಿದ್ದಾಗ ಅದು ಮೊದಲು ತನ್ನಲ್ಲಿ ಕೂಡಿಟ್ಟ ಆಹಾರವನ್ನು ಖರ್ಚುಮಾಡಿ ಜೀವಕೋಶಗಳನ್ನು ದುರಸ್ತಿ ಮಾಡಿಕೊಳ್ಳುತ್ತದೆ; ಸಾಕಷ್ಟು ಹೊತ್ತು ಹಸಿಯಾಗಿ ಉಳಿದರೆ ಮಾತ್ರ ಆ ಖರ್ಚನ್ನು ಹೊಸ ಆಹಾರದಿಂದ ತುಂಬಿಕೊಳ್ಳಬಲ್ಲದು. ನೆನಪಾದಾಗ ನಾಲ್ಕು ಹನಿ ಚಿಮುಕಿಸಿ, ಅರ್ಧ ಗಂಟೆಯಲ್ಲಿ ಮತ್ತೆ ಒಣಗಲು ಬಿಟ್ಟರೆ ಪ್ರತಿ ಸಲವೂ ನಷ್ಟವೇ ಆಗುತ್ತದೆ. ಪ್ರೀತಿಯಿಂದ ಮಾಡಿದ ಈ ಅರೆಬರೆ ಉಪಚಾರದಿಂದಲೇ ಹಂಚುಗಳು ಹಾಳಾಗುತ್ತವೆ.

ಬೆಳಗಾವಿ ನಗರವು ಎತ್ತರದಲ್ಲಿರುವುದರಿಂದ ಅಲ್ಲಿಯವರು ದಟ್ಟ ನೆರಳಿನಲ್ಲಿ, ದಿನವೂ ಬೆಳಿಗ್ಗೆ ಚೆನ್ನಾಗಿ ತೋಯಿಸಿ, ಗೋಣಿತಟ್ಟಿನ ಮರೆಯಲ್ಲಿ ಹಸಿರನ್ನು ಉಳಿಸಿಕೊಳ್ಳಬಹುದು. ಉಳಿದ ಎರಡು ಜಿಲ್ಲೆಗಳವರು ಮಾರ್ಚ್ ಕೊನೆಯಲ್ಲಿ ನೀರನ್ನು ದಿನಬಿಟ್ಟು ದಿನಕ್ಕೆ ಇಳಿಸಿ, ಏಪ್ರಿಲ್ ಮೊದಲ ವಾರದಲ್ಲಿ ಪೂರ್ತಿ ನಿಲ್ಲಿಸಿ, ಹಂಚುಗಳನ್ನು ನೆರಳಿನಲ್ಲಿಯೇ ಒಣಗಿಸಬೇಕು. ಆಮೇಲೆ ಗಾಳಿಯಾಡುವ, ಬಿಸಿಲು ಬೀಳದ ಪಡಸಾಲೆಯಲ್ಲಿ ಒಂದರ ಮೇಲೊಂದು ಪೇರಿಸದೆ ಸಾಲಾಗಿ ಇಟ್ಟು, ಮೇಲೆ ಒಣ ಗೋಣಿತಟ್ಟು ಹೊದಿಸಿರಿ. ಹಂಚಿನ ಹಿಂಬದಿಯಲ್ಲಿ ಅಕ್ಷರವನ್ನು ಸೀಮೆಸುಣ್ಣದಿಂದ ಬರೆದಿಡಿರಿ. ಒಣಗಿದ ಮೇಲೆ ಕೆಲವು ಅಕ್ಷರಗಳನ್ನು ಗುರುತಿಸುವುದು ಕಷ್ಟವಾಗುತ್ತದೆ.

ಜೂನ್ ತಿಂಗಳಲ್ಲಿ ಎರಡು ಮೂರು ಮಳೆಯಾಗಿ ಗಾಳಿ ತಂಪಾದ ನಂತರ ಹಂಚುಗಳನ್ನು ಹೊರಗೆ ತಂದು, ಒಂದು ಸಂಜೆ ನಿಧಾನವಾಗಿ ನೆನೆಸಿರಿ. ಮರುದಿನ ಹಸಿರಾಗದ ತುಣುಕುಗಳನ್ನು ಇನ್ನೂ ಎರಡು ವಾರ ಮುಟ್ಟಬೇಡಿರಿ. ಮೇಲಿನ ಎಲೆಗಳು ಸತ್ತಿದ್ದರೂ ಬುಡದಿಂದ ಹೊಸ ಚಿಗುರು ಬರುವುದುಂಟು. ಆಮೇಲೂ ಕಂದಾಗಿಯೇ ಉಳಿದದ್ದನ್ನು ಕಿತ್ತು, ಆ ಜಾಗಕ್ಕೆ ಹೆಚ್ಚಿಗೆ ಮಾಡಿಟ್ಟ ಎರಡು ಹಂಚುಗಳಿಂದ ಹಾವಸೆಯನ್ನು ತೆಗೆದು ನಾಟಿರಿ. ಆ ಎರಡು ಹಂಚುಗಳಲ್ಲಿ ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಎಲ್ಲಿಂದ ಯಾವ ತಿಂಗಳಲ್ಲಿ ತೆಗೆದದ್ದು ಎಂದು ಮೇಲೆ ಬರೆದರೆ ಪಕ್ಕದ ಊರಿನ ಶಾಲೆಗೆ ಅದೇ ಬಿತ್ತನೆಯಾಗುತ್ತದೆ.